ಅಜ್ಜಿಗೂ ಒಂದು ಭಾನುವಾರ ಬೇಕು

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನನ್ನ ವಯಸ್ಸಿನವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. "ಎಲ್ಲ ಅನುಕೂಲವೂ ಇದೆ, ಮಕ್ಕಳು ಚೆನ್ನಾಗಿಯೇ ನೋಡಿಕೊಂಡರು, ಆದರೆ ಜೈಲು ಕಣ್ರೀ." ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು ಅಮೆರಿಕದಿಂದ ಮರಳಿದವರೂ ಇದನ್ನೇ ಹೇಳುತ್ತಾರೆ, ದುಬೈಯಿಂದ ಮರಳಿದವರೂ ಇದನ್ನೇ ಹೇಳುತ್ತಾರೆ. ಕೇಳುವವರು ತಲೆದೂಗುತ್ತಾರೆ. ಜೈಲು ಎಂದ ಮೇಲೆ ಬೀಗ ಹಾಕಿದವರು ಯಾರು, ಬೀಗದ ಕೈ ಯಾರ ಬಳಿ ಇದೆ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಈ ಬರಹದಲ್ಲಿ ನಾನು ಅದನ್ನೇ ಕೇಳಬೇಕೆಂದಿದ್ದೇನೆ. ಕೇಳಿದರೆ ನನ್ನ ಓರಗೆಯವರಿಗೂ ಸಿಟ್ಟು ಬರುತ್ತದೆ, ನನ್ನ ಬಳಿ ಪಾಠ ಕಲಿತು ಇಂದು ದೇಶವಿದೇಶಗಳಲ್ಲಿ ನೆಲೆಸಿರುವ ನಿಮಗೂ ಸಿಟ್ಟು ಬರುತ್ತದೆ. ಬರಲಿ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳಿಗೆ ತರಗತಿಯ ಸಿಟ್ಟು ಹೊಸದೇನಲ್ಲ.

ನನ್ನ ಮಗಳ ಸಂಸಾರ ಇರುವುದು ಹಾಂಗ್‌ಕಾಂಗಿನಲ್ಲಿ. ಎರಡು ಸಲ ಹೋಗಿ ಒಟ್ಟು ಐದು ತಿಂಗಳು ಅಲ್ಲಿದ್ದು ಬಂದಿದ್ದೇನೆ. ಆದ್ದರಿಂದ ಕಾಲಿನಲ್ಲಿ ಅಳೆದು ನೋಡಿದ ಆ ಊರಿನ ಮಾತನ್ನಷ್ಟೇ ಆಡುತ್ತೇನೆ.

ಹೊರಡುವ ಮುನ್ನ ನೆಂಟರೆಲ್ಲ ಹೇಳಿದ್ದು ಗಗನಚುಂಬಿ ಕಟ್ಟಡಗಳ ವಿಚಾರ, ಅಂಗಡಿಗಳ ವಿಚಾರ. ಅವು ಇಲ್ಲವೆಂದಲ್ಲ. ಆದರೆ ಸಮಾಜ ವಿಜ್ಞಾನದ ಟೀಚರಾಗಿದ್ದವಳಿಗೆ ಅಂಕಿಅಂಶ ಹೇಳದೆ ಮುಂದಕ್ಕೆ ಹೋಗುವ ಅಭ್ಯಾಸವಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಹಾಂಗ್‌ಕಾಂಗಿನ ಭೂವಿಸ್ತೀರ್ಣ ಸುಮಾರು 1,100 ಚದರ ಕಿಲೋಮೀಟರ್. ಅಂದರೆ ನಮ್ಮ ಮೈಸೂರು ಜಿಲ್ಲೆಯ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಸುಮಾರು 75 ಲಕ್ಷ ಜನ. ಒಂದು ಚದರ ಅಡಿ ಮನೆಯ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಇಂಥ ಊರಿನಲ್ಲಿ ನೆಲದ ಸುಮಾರು ಶೇಕಡಾ 40ರಷ್ಟು ಭಾಗವನ್ನು ಕಟ್ಟಡ ಏಳದಂತೆ ಕಾಪಾಡಿ, ಬೆಟ್ಟ ಕಾಡುಗಳಾಗಿಯೇ ಉಳಿಸಿದ್ದಾರೆ. ಅದಕ್ಕೆಂದು 1976ರಲ್ಲಿ ಪ್ರತ್ಯೇಕ ಕಾನೂನು ಬಂತು. ಆಗ ಗವರ್ನರ್ ಆಗಿದ್ದ ಮರ್ರೆ ಮ್ಯಾಕ್ಲಹೋಸ್ ಸ್ವತಃ ಬೆಟ್ಟ ಸುತ್ತುವ ಹವ್ಯಾಸದವರು. ಅವರ ಹೆಸರಿನ ನೂರು ಕಿಲೋಮೀಟರ್ ಉದ್ದದ ಕಾಲುಹಾದಿ 1979ರಲ್ಲಿ ತೆರೆಯಿತು. ಬಳಿಕ 1984ರಲ್ಲಿ ಲಾಂಟಾವ್ ದ್ವೀಪದ 70 ಕಿಲೋಮೀಟರ್, 1985ರಲ್ಲಿ ಹಾಂಗ್‌ಕಾಂಗ್ ದ್ವೀಪದ 50 ಕಿಲೋಮೀಟರ್, 1996ರಲ್ಲಿ ವಿಲ್ಸನ್ ಹೆಸರಿನ 78 ಕಿಲೋಮೀಟರ್. ಸಣ್ಣಪುಟ್ಟ ಹಾದಿಗಳ ಲೆಕ್ಕ ಬೇರೆ. ಇದೆಲ್ಲ ಆಳುವವರ ಔದಾರ್ಯವೆಂದು ನಾನು ಹೇಳುವುದಿಲ್ಲ. ಕುಡಿಯುವ ನೀರಿನ ಜಲಾಶಯಗಳಿಗೆ ಆ ಬೆಟ್ಟಗಳ ಮಳೆನೀರೇ ಆಧಾರವಾಗಿತ್ತು, ಬೆಟ್ಟಕ್ಕೆ ಕೈಹಾಕಿದರೆ ನಲ್ಲಿ ಒಣಗುತ್ತಿತ್ತು. ಕಾರಣ ಏನೇ ಇರಲಿ, ಫಲ ಎದುರಿಗಿದೆ. ಈ ಹಾದಿಗಳಿಗೆ ಟಿಕೆಟ್ ಇಲ್ಲ. ಅಲ್ಲಿಯತನಕ ಹೋಗುವ ಬಸ್ಸಿನ ದುಡ್ಡೊಂದೇ ಖರ್ಚು.

ಈಗ ಹೇಳಿ, ಆ ಊರಿನ ಹದಿನೆಂಟನೆಯ ಮಹಡಿಯಲ್ಲಿ ಕುಳಿತು "ಜೈಲು" ಎನ್ನುವವರಿಗೆ ಏನೆನ್ನೋಣ? ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಮಗಳ ಮನೆ ಇರುವುದು ಲಾಂಟಾವ್ ದ್ವೀಪದ ತುಂಗ್ ಚುಂಗ್ ಎಂಬಲ್ಲಿ. ಹಿಂದೆಯೇ 934 ಮೀಟರಿನ ಲಾಂಟಾವ್ ಶಿಖರ. ನಮ್ಮ ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರವೆಂದು ಹೆಮ್ಮೆಪಡುವವರಿಗೆ ಒಂದು ಮಾತು: ಮೈಸೂರೇ ಏಳುನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ, ನಾವು ಹತ್ತುವುದು ಮುನ್ನೂರು ಮೀಟರ್ ಮಾತ್ರ. ಅಲ್ಲಿ ಸಮುದ್ರದ ಅಂಚಿನಿಂದಲೇ ಹತ್ತಬೇಕು. ಆದರೂ ನಮ್ಮ ಪಾರ್ಕಿನ ಗೆಳತಿಯೊಬ್ಬರು "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆಯನ್ನು ನನ್ನ ಮುಖಕ್ಕೆ ಹಿಡಿದರು. ಹತ್ತಿರ ಹೋಗಬೇಡಿ ಎಂದು ಆ ಗಾದೆ ಎಲ್ಲಿ ಹೇಳಿದೆ? ಹತ್ತಿರ ಹೋದವರೇ ತಾನೇ ಬೆಟ್ಟ ನುಣ್ಣಗಿಲ್ಲವೆಂದು ಕಂಡುಕೊಂಡದ್ದು?

ಇನ್ನು ಮಂಡಿನೋವು. ಇದೇ ಹೆಂಗಸರು ಆಷಾಢ ಶುಕ್ರವಾರ ಬಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಇಲ್ಲದ ಮಂಡಿನೋವು ವಿಮಾನ ಹತ್ತಿದೊಡನೆ ಬರುವುದು ಹೇಗೆ? ನಿಜವಾಗಿ ನೋಯುವ ಮಂಡಿ ಇರುವವರನ್ನು ನಾನು ಆಡಿಕೊಳ್ಳುವುದಿಲ್ಲ, ಅವರಿಗೆ ಸಮತಟ್ಟಾದ ಹಾದಿಗಳೂ ಅಲ್ಲಿವೆ. ವಿಕ್ಟೋರಿಯಾ ಪೀಕ್ ಸುತ್ತ ಮೂರೂವರೆ ಕಿಲೋಮೀಟರ್ ನಡೆದರೆ ಏರಿಳಿತವೇ ಇಲ್ಲವೆನ್ನಬಹುದು. ಗಾಲಿಕುರ್ಚಿಯಲ್ಲಿ ಅಜ್ಜನನ್ನು ಕೂರಿಸಿ ತಳ್ಳಿಕೊಂಡು ಬಂದ ಮನೆಯವರನ್ನು ನಾನಲ್ಲಿ ನೋಡಿದೆ. (ಒಂದು ದೂರು ಮಾತ್ರ ನನ್ನದೂ ಇದೆ: ಅನೇಕ ಕಡೆ ಮಣ್ಣಿನ ಹಾದಿಗೆ ಸಿಮೆಂಟ್ ಮೆಟ್ಟಿಲು ಕಟ್ಟಿದ್ದಾರೆ. ಇಳಿಯುವಾಗ ಮಂಡಿಗೆ ಮಣ್ಣೇ ಹಿತ.) ಬೆಳಗಿನ ಜಾವ ಬೆಟ್ಟದ ಹಾದಿಗೆ ಹೋದರೆ ಎದುರಾಗುವವರಲ್ಲಿ ಅರ್ಧದಷ್ಟು ಮಂದಿ ನಮ್ಮ ವಯಸ್ಸಿನವರು ಅಥವಾ ನಮಗಿಂತ ಹಿರಿಯರು. ಚಪ್ಪಾಳೆ ತಟ್ಟುತ್ತ ನಡೆಯುವವರು, ಹಿಮ್ಮುಖವಾಗಿ ನಡೆಯುವವರು, ಕೈಯಲ್ಲಿ ಸಣ್ಣ ರೇಡಿಯೋ ಹಿಡಿದವರು. ಪರಿಚಯವಿಲ್ಲದವರೂ "ಜೋ ಸನ್" ಎಂದು ಶುಭೋದಯ ಹೇಳಿ ಹೋಗುತ್ತಾರೆ. ಇದೇ ಮಂದಿ ಲಿಫ್ಟಿನಲ್ಲಿ ಸಿಕ್ಕರೆ ಮುಖವೆತ್ತಿ ನೋಡುವುದಿಲ್ಲ.

ಇಲ್ಲಿಯವರೆಗೆ ಓದಿ, ನನ್ನ ವಿದ್ಯಾರ್ಥಿಗಳಾದ ನೀವು ಒಳಗೊಳಗೇ ನಗುತ್ತಿರಬಹುದು. ನಗು ಸಾಕು, ಈಗ ನಿಮ್ಮ ಸರದಿ.

ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕೆಂದು ಫಿಲಿಪ್ಪೀನ್ಸ್, ಇಂಡೋನೇಷ್ಯಾ ಮೊದಲಾದ ದೇಶಗಳಿಂದ ಬಂದವರು ಮೂರು ಲಕ್ಷಕ್ಕೂ ಹೆಚ್ಚು. ಬಹುತೇಕ ಎಲ್ಲರೂ ಹೆಣ್ಣುಮಕ್ಕಳು. ಏಳು ದಿನಕ್ಕೆ ಒಂದು ದಿನವಾದರೂ ಅವರಿಗೆ ಬಿಡುವು ಕೊಡಲೇಬೇಕೆಂದು ಅಲ್ಲಿನ ಕಾನೂನು ವಿಧಿಸುತ್ತದೆ. ಭಾನುವಾರ ಸೆಂಟ್ರಲ್ ಎಂಬ ವ್ಯಾಪಾರ ಕೇಂದ್ರದ ಮೇಲ್ಸೇತುವೆಗಳ ಮೇಲೆ, ದೊಡ್ಡ ಬ್ಯಾಂಕುಗಳ ನೆರಳಿನಲ್ಲಿ ರಟ್ಟಿನ ಹಾಳೆ ಹಾಸಿಕೊಂಡು ಅವರು ಕೂಡುತ್ತಾರೆ, ಊಟ ಹಂಚಿಕೊಳ್ಳುತ್ತಾರೆ, ಹಾಡುತ್ತಾರೆ. ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುವವರೂ ಕಡಿಮೆಯಿಲ್ಲ. ಅವರದು ಸುಖದ ಬದುಕೆಂದು ನಾನು ಹೇಳುವುದಿಲ್ಲ. ತಮ್ಮ ಮಕ್ಕಳನ್ನು ಊರಿನಲ್ಲಿ ಬಿಟ್ಟು ಪರರ ಮಕ್ಕಳನ್ನು ಸಾಕುವವರು ಅವರು. ಆದರೂ ವಾರಕ್ಕೊಂದು ದಿನ ಅವರದು.

ಈಗ ಊರಿನಿಂದ ಬಂದ ಅಜ್ಜಿಯ ದಿನಚರಿ ನೋಡಿ. ಐದೂವರೆಗೆ ಎದ್ದು ಡಿಕಾಕ್ಷನ್ ಇಳಿಸಬೇಕು. ಮೊಮ್ಮಕ್ಕಳ ಡಬ್ಬಿಗೆ ಚಪಾತಿ, ಮಗಳ ಡಬ್ಬಿಗೆ ಪಲ್ಯ. ಮಗುವನ್ನು ಶಾಲೆಯ ಬಸ್ಸಿಗೆ ಬಿಡುವುದು, ಕರೆತರುವುದು, ಉಣ್ಣಿಸುವುದು, ದೋಸೆಗೆ ರುಬ್ಬುವುದು. ಶನಿವಾರ ಮಗಳು ಅಳಿಯ ವಾರದ ಆಯಾಸಕ್ಕೆ ತಡವಾಗಿ ಏಳುತ್ತಾರೆ. ಭಾನುವಾರ? "ನಮ್ಮ ಅಮ್ಮ ಬಂದಿದ್ದಾರೆ, ಹೋಳಿಗೆ ಊಟಕ್ಕೆ ಬನ್ನಿ" ಎಂದು ನಾಲ್ಕು ಕನ್ನಡ ಕುಟುಂಬಗಳಿಗೆ ಆಹ್ವಾನ ಹೋಗಿರುತ್ತದೆ. ಬಂದವರು ಹೋಳಿಗೆ ತಿಂದು, "ಆಂಟಿ, ಊರಿನ ರುಚಿ ನೆನಪಾಯಿತು" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆಂಟಿಗೆ ಹಾಂಗ್‌ಕಾಂಗಿನಲ್ಲಿ ಯಾವ ರುಚಿ ಸಿಕ್ಕಿತೆಂದು ಕೇಳುವವರಿಲ್ಲ. ಸಂಬಳದ ಕೆಲಸದವಳಿಗೆ ಕಾನೂನು ಕೊಟ್ಟ ಭಾನುವಾರವನ್ನು ಹೆತ್ತ ತಾಯಿಗೆ ಮಮತೆ ಕೊಡಲಿಲ್ಲ. ನೀವು ಎಂದಾದರೂ ಈ ಲೆಕ್ಕ ಹಾಕಿದ್ದೀರಾ?

ನಾನು ಮೊದಲ ಸಲ ಹೋದಾಗಲೇ ಮಗಳಿಗೆ ಸ್ಪಷ್ಟವಾಗಿ ಹೇಳಿದೆ, ಆರು ದಿನ ನಿನ್ನ ಮನೆ, ಏಳನೆಯ ದಿನ ನನ್ನದು. ಅವಳಿಗೆ ನೋವಾಯಿತು. "ಅಮ್ಮಾ, ನಿನ್ನನ್ನ ಕೆಲಸದವರ ಜೊತೆ ಹೋಲಿಸ್ಕೋತೀಯಾ?" ಎಂದಳು. "ಹೋಲಿಸಿದ್ರೆ ನಾನೇ ಕೆಳಗೆ ಬರ್ತೀನಿ ಕಣೆ, ಅವರಿಗೆ ರಜೆ ಇದೆ" ಎಂದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಳಿಯಂದಿರು ಮಧ್ಯೆ ಬಂದು, "ಅತ್ತೆ, ನಿಮಗೆ ಬೆಟ್ಟದಲ್ಲಿ ಏನಾದರೂ ಆದರೆ ಇಲ್ಲಿಯ ಆಸ್ಪತ್ರೆ ಖರ್ಚು ಭಾರಿ" ಎಂದರು. ಮಾತಿನಲ್ಲಿ ಸತ್ಯವಿದೆ. ಪ್ರವಾಸಿಗರಾಗಿ ಬಂದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯೂ ಅಗ್ಗವಲ್ಲ. ಅದಕ್ಕೆ ಉತ್ತರ ಪ್ರಯಾಣ ವಿಮೆ. ಅತ್ತೆಯನ್ನು ಸೋಫಾದ ಮೇಲೆ ಕೂರಿಸುವುದು ಉತ್ತರವಲ್ಲ. ಅದನ್ನೂ ಹೇಳಿದೆ. ಆ ಭಾನುವಾರ ಅಳಿಯಂದಿರೇ ಮೊದಲು ಶೂ ಕಟ್ಟಿಕೊಂಡು ನಿಂತರು ಎಂಬುದನ್ನೂ ನ್ಯಾಯವಾಗಿ ದಾಖಲಿಸಬೇಕು.

ಅಂದು ನಾವು ಹೋದದ್ದು ಪಾಕ್ ಮಾಂಗ್ ಎಂಬ ಹಳ್ಳಿಯಿಂದ ಮುಯಿ ವೊ ಎಂಬ ಕಡಲತಡಿಯ ಊರಿಗೆ. ಕಲ್ಲು ಹಾಸಿದ ಹಳೆಯ ಹಳ್ಳಿದಾರಿ, ಐದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು, ನಡುವೆ ಒಂದು ಕಣಿವೆದಾಟು. ನಮ್ಮ ಯಜಮಾನರು, ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ. ಮುಯಿ ವೊ ಹತ್ತಿರ ಬಂದಾಗ ದಾರಿಗೆ ಅಡ್ಡಲಾಗಿ ಎಮ್ಮೆಗಳು! ನಮ್ಮೂರಿನವೇ ಅನ್ನಿಸುವಂಥ ಕೊಂಬು, ಕೆಸರು ಮೆತ್ತಿದ ಮೈ. ಒಂದು ಕಾಲಕ್ಕೆ ಆ ದ್ವೀಪದಲ್ಲಿ ಭತ್ತ ಬೆಳೆಯುತ್ತಿದ್ದರು. ಬೇಸಾಯ ನಿಂತಾಗ ಉಳುವ ಎಮ್ಮೆ ಎತ್ತುಗಳನ್ನು ಬಿಟ್ಟುಬಿಟ್ಟರು, ಅವುಗಳ ಸಂತತಿ ಇಂದಿಗೂ ಒಡೆಯರಿಲ್ಲದೆ ಅಲೆಯುತ್ತಿದೆ. ಮೊಮ್ಮಗ ಅಪ್ಪನ ಹಿಂದೆ ಅಡಗಿದ. ಅವನ ಅಪ್ಪನೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರು, ಅಡಗಲು ಇನ್ನೊಂದು ಬೆನ್ನು ಹುಡುಕುತ್ತಿದ್ದರು. ನಾನು ಮುಂದೆ ಹೋದೆ. ಎಮ್ಮೆಯ ಕಣ್ಣಿಗೆ ಕಾಣುವಂತೆ ಬರಬೇಕು, ಹಿಂದಿನಿಂದ ಹೋಗಬಾರದು, ಕರುವಿಗೂ ತಾಯಿಗೂ ನಡುವೆ ನುಗ್ಗಬಾರದು, ಓಡಬಾರದು, ಬಾಯಿ ಮುಚ್ಚಿಕೊಂಡು ಸಾವಕಾಶವಾಗಿ ಬದಿಯಿಂದ ಸಾಗಬೇಕು ಎಂದು ಒಬ್ಬೊಬ್ಬರನ್ನೇ ದಾಟಿಸಿದೆ.

ನನ್ನ ವಾದದ ಮುಖ್ಯ ಸಾಕ್ಷಿ ಇದೇ. ಆ ಮನೆಯೊಳಗೆ ನನಗೆ ಏನೂ ತಿಳಿಯದು. ಟಿ.ವಿ. ಹಾಕಲು ಮೊಮ್ಮಗ ಬೇಕು, ಬಟ್ಟೆ ಒಗೆಯುವ ಯಂತ್ರದ ಮೇಲಿನ ಚೀನೀ ಅಕ್ಷರಕ್ಕೆ ಮೊಮ್ಮಗಳು ಬೇಕು. "ಅಜ್ಜಿಗೆ ಗೊತ್ತಾಗಲ್ಲ" ಎಂಬುದು ಆ ಮಕ್ಕಳು ತಪ್ಪಿಲ್ಲದೆ ಆಡುವ ಕನ್ನಡ ವಾಕ್ಯವಾಗಿತ್ತು. ಬೆಟ್ಟದ ಹಾದಿಯಲ್ಲಿ ಅಜ್ಜಿಗೆ ಎಮ್ಮೆ ಗೊತ್ತು, ಮುಟ್ಟಿದರೆ ಮುನಿ ಗೊತ್ತು, ಲಂಟಾನದ ವಾಸನೆ ಗೊತ್ತು, ಮೋಡ ನೋಡಿ ಮಳೆ ಗೊತ್ತು. ಹಿರಿಯರಿಗೆ ಮರ್ಯಾದೆ ಕೊಡಬೇಕು ಎಂದು ವಿದೇಶದಲ್ಲಿರುವ ಕನ್ನಡಿಗರು ಮಕ್ಕಳಿಗೆ ಬೇಕಾದಷ್ಟು ಉಪದೇಶ ಮಾಡುತ್ತಾರೆ, ಕಾಲಿಗೆ ನಮಸ್ಕಾರ ಮಾಡಿಸುತ್ತಾರೆ. ಹಿರಿಯರಿಗೆ ಏನಾದರೂ ತಿಳಿದಿದೆಯೆಂದು ಮಕ್ಕಳ ಕಣ್ಣಿಗೆ ಬೀಳುವ ಒಂದು ಜಾಗಕ್ಕೆ ಮಾತ್ರ ಅವರನ್ನು ಕರೆದೊಯ್ಯುವುದಿಲ್ಲ.

ಮಕ್ಕಳ ಭಾನುವಾರದ ಗತಿಯೂ ಅಜ್ಜಿಯದಕ್ಕಿಂತ ಮೇಲಲ್ಲ. ಹತ್ತಕ್ಕೆ ಗಣಿತದ ತರಬೇತಿ, ಹನ್ನೆರಡಕ್ಕೆ ಈಜು, ಮೂರಕ್ಕೆ ಪಿಯಾನೋ. ಉಳಿದ ಹೊತ್ತು ಏ.ಸಿ. ಮಾಲ್. ಸಮೋನ್ನತ ರೇಖೆಗಳ ಪಾಠ ನಿಮಗೆ ನೆನಪಿದೆಯೇ? ಕಪ್ಪುಹಲಗೆಯ ಮೇಲೆ ಉಂಗುರದೊಳಗೆ ಉಂಗುರ ಬರೆದು ನಾನು ಎಷ್ಟು ವಿವರಿಸಿದರೂ ಅರ್ಧ ತರಗತಿ ಆಕಳಿಸುತ್ತಿತ್ತು. ಮೊಮ್ಮಗಳ ಕೈಗೆ ಲಾಂಟಾವ್ ದ್ವೀಪದ ನಕ್ಷೆ ಕೊಟ್ಟು ನಡೆಸಿದೆ. ಒಂದು ಗಂಟೆಯೊಳಗೆ ಅವಳೇ ಸೂತ್ರ ಹೇಳಿದಳು: "ಗೆರೆಗಳು ಹತ್ತಿರ ಹತ್ತಿರ ಇರೋ ಕಡೆ ಅಜ್ಜಿ ಕೂತ್ಕೋತಾರೆ." ಬಿ.ಎಡ್. ತರಬೇತಿಯಲ್ಲಿ ಪಾಠೋಪಕರಣಗಳ ಬಗ್ಗೆ ನಾನು ಬರೆದ ಪುಟಗಳಿಗಿಂತ ಈ ಒಂದು ವಾಕ್ಯ ಮೇಲು. ಮಗಳು ಈಜನ್ನು ಶನಿವಾರಕ್ಕೆ ಬದಲಿಸಿದ್ದಾಳೆ. ಗಣಿತದ ತರಬೇತಿಯನ್ನು ಬಿಡಿಸಲು ಒಪ್ಪಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ರಾಜಿಯಾಗಿಲ್ಲ, ಸದ್ಯಕ್ಕೆ ಆಗುವ ಲಕ್ಷಣವೂ ಇಲ್ಲ.

"ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವುದು ಅಪಾಯವಲ್ಲವೇ?" ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 1996ರ ಫೆಬ್ರವರಿ 10ರಂದು ಹಾಂಗ್‌ಕಾಂಗಿನ ಪಾಟ್ ಸಿನ್ ಲೆಂಗ್ ಬೆಟ್ಟಸಾಲಿನಲ್ಲಿ ಕಾಳ್ಗಿಚ್ಚು ಹೊತ್ತಿ, ಚಾರಣಕ್ಕೆ ಹೋಗಿದ್ದ ಶಾಲಾಮಕ್ಕಳ ತಂಡ ಸಿಕ್ಕಿಕೊಂಡಿತು. ಮೂವರು ವಿದ್ಯಾರ್ಥಿಗಳೂ ಇಬ್ಬರು ಶಿಕ್ಷಕರೂ ಸತ್ತರು. ಮಕ್ಕಳನ್ನು ಉಳಿಸಲು ಹೋಗಿ ಪ್ರಾಣಕೊಟ್ಟ ಆ ಶಿಕ್ಷಕರ ನೆನಪಿಗೆ ಅಲ್ಲೊಂದು ಮಂಟಪ ಕಟ್ಟಿದ್ದಾರೆ. ಅದರ ಹೆಸರು ವಸಂತದ ಗಾಳಿ. ಚೀನೀ ಭಾಷೆಯಲ್ಲಿ ಒಳ್ಳೆಯ ಗುರುವಿನ ಪ್ರಭಾವವನ್ನು ವಸಂತದ ಗಾಳಿಗೆ ಹೋಲಿಸುವ ವಾಡಿಕೆಯಿದೆಯಂತೆ. ಆ ಮಂಟಪದೆದುರು ನಾನು ಹೆಚ್ಚು ಹೊತ್ತು ನಿಲ್ಲಲಾರದೆ ಹೋದೆ. ಪ್ರವಾಸಕ್ಕೆ ಎಷ್ಟು ಸಲ ನಲವತ್ತು ಮಕ್ಕಳ ತಲೆ ಎಣಿಸಿ ಬಸ್ಸು ಹತ್ತಿಸಿದ್ದೇನೆ, ನಿಮಗೇ ಗೊತ್ತು. ಆದರೆ ಬೆಟ್ಟದ ಹಾದಿ ಈಗಲೂ ತೆರೆದಿದೆ, ಮಕ್ಕಳು ಈಗಲೂ ಬರುತ್ತಾರೆ. ಕಾಳ್ಗಿಚ್ಚಿನ ಅಪಾಯವನ್ನು ಹಳದಿ, ಕೆಂಪು ಎಂದು ಸೂಚಿಸುತ್ತಾರೆ. ನಾಲ್ಕು ದೊಡ್ಡ ಹಾದಿಗಳಲ್ಲಿ ಅರ್ಧ ಕಿಲೋಮೀಟರಿಗೊಂದು ಸಂಖ್ಯೆಯ ಕಂಬವಿದೆ. 999ಕ್ಕೆ ಫೋನ್ ಮಾಡಿ ಆ ಸಂಖ್ಯೆ ಹೇಳಿದರೆ ನೀವು ಎಲ್ಲಿದ್ದೀರೆಂದು ತಿಳಿಯುತ್ತದೆ. ಮೊಮ್ಮಗ ಪ್ರತಿ ಕಂಬದ ಸಂಖ್ಯೆಯನ್ನೂ ಜೋರಾಗಿ ಓದುತ್ತಾನೆ, ಅದು ಅವನ ಹೊಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೆಖೆಯಲ್ಲಿ, ಚಂಡಮಾರುತದ ಸೂಚನೆಯಿದ್ದಾಗ, ಸಿಡಿಲಿನ ಸೂಚನೆಯಿದ್ದಾಗ ಹೋಗಲೇಬಾರದು. ಇಷ್ಟು ಕಲಿಯುವುದೂ ಶಿಕ್ಷಣವೇ.

ನಮ್ಮವರು ಹೋಗುವಾಗ ಬಿಟ್ಟುಹೋಗಬೇಕಾದ ಅಭ್ಯಾಸಗಳೂ ಇವೆ. ಮಂಗಗಳ ಬೆಟ್ಟವೆಂದೇ ಹೆಸರಾದ ಕಾಮ್ ಷಾನಿನಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಶನಿವಾರ, ಆಂಜನೇಯನ ವಾರ ಎಂದು ಚೀಲದಿಂದ ಬಾಳೆಹಣ್ಣು ತೆಗೆದರು. ಅವರ ಮಗ ಹಾರಿ ಕೈ ಹಿಡಿದ. 2024ರ ಆಗಸ್ಟ್‌ನಿಂದ ಅಲ್ಲಿ ಕಾಡುಪ್ರಾಣಿಗಳಿಗೆ ತಿನಿಸು ಹಾಕಿದರೆ ಒಂದು ಲಕ್ಷ ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆ. ಹಾಂಗ್‌ಕಾಂಗಿನಲ್ಲಿ ಅಜ್ಜ ಅಜ್ಜಿಯರಿಗೆ ನಿಜವಾದ ಜೈಲು ಬೇಕಿದ್ದರೆ ಅದೊಂದು ದಾರಿ ಇದೆ. ಹಾದಿಗಳ ಬದಿಯಲ್ಲಿದ್ದ ಕಸದ ತೊಟ್ಟಿಗಳನ್ನೂ 2017ರ ಕೊನೆಗೆ ತೆಗೆದುಹಾಕಿದ್ದಾರೆ, ನಿಮ್ಮ ಕಸ ನಿಮ್ಮ ಚೀಲದಲ್ಲೇ ಮನೆಗೆ. ಚಿತ್ರಾನ್ನದ ಡಬ್ಬಿ ಒಯ್ಯಿರಿ, ಪ್ಲಾಸ್ಟಿಕ್ ತಟ್ಟೆ ಬೇಡ.

ಇದು ಶ್ರೀಮಂತ ದೇಶದ ಚಟ, ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೂ ಒಂದು ಉತ್ತರ ಕೊಟ್ಟುಬಿಡುತ್ತೇನೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಅಲ್ಲಿ ಚುಂಗ್ ಯೆಂಗ್ ಹಬ್ಬ. ಅಂದು ಎತ್ತರದ ಜಾಗಕ್ಕೆ ಹೋಗುವುದು ಪದ್ಧತಿ. ಮನೆಮಂದಿಯೆಲ್ಲ ಹಿರಿಯರ ಸಮಾಧಿಗಳಿರುವ ಬೆಟ್ಟದ ಇಳಿಜಾರಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಊದುಕಡ್ಡಿ ಹಚ್ಚಿ, ಎಡೆಯಿಟ್ಟು, ಅಲ್ಲೇ ಕುಳಿತು ಉಣ್ಣುತ್ತಾರೆ. ತಿಥಿ ನೋಡಿದರೆ ಅನೇಕ ವರ್ಷ ಇದು ನಮ್ಮ ಮಹಾನವಮಿಯೊಂದಿಗೇ ಬೀಳುತ್ತದೆ. 2023ರಲ್ಲಿ ಎರಡೂ ಅಕ್ಟೋಬರ್ 23ರಂದೇ ಬಂದವು. ಪಿತೃಗಳನ್ನು ನೆನೆಯಲು ಕುಟುಂಬವೇ ಬೆಟ್ಟ ಹತ್ತುವ ಊರಿನಲ್ಲಿ, ಜೀವಂತ ಅಜ್ಜಿಯನ್ನು ಲಿಫ್ಟಿನಿಂದ ಕೆಳಗಿಳಿಸಲು ನಿಮಗೇಕೆ ಇಷ್ಟು ಸಂಕೋಚ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಂದಲೇ ಫೋನ್ ಮಾಡಿದ್ದ. ಹೆಂಡತಿಗೆ ನವೆಂಬರಿನಲ್ಲಿ ಹೆರಿಗೆ. "ಮೇಡಂ, ಬಾಣಂತನಕ್ಕೆ ಅಮ್ಮ ಬರಲ್ಲ ಅಂತಾರೆ, ಅಲ್ಲಿ ಕೂಡಿಹಾಕಿದ ಹಾಗಾಗುತ್ತೆ ಅಂತಾರೆ. ನೀವೊಂದು ಮಾತು ಹೇಳಿ." ಆ ತಾಯಿಯನ್ನು ನಾನು ಬಲ್ಲೆ. ಶಾಲೆಯ ಪೋಷಕರ ಸಭೆಗೆ ಹಳ್ಳಿಯಿಂದ ಆರು ಕಿಲೋಮೀಟರ್ ನಡೆದು, ಬರುವ ದಾರಿಯಲ್ಲೇ ಮೊಸರು ಮಾರಿ, ಸಮಯಕ್ಕೆ ಮುಂಚೆ ಬಂದು ಕೂರುತ್ತಿದ್ದಾಕೆ. ಅಂಥವರನ್ನು ನಾನೂರು ಚದರ ಅಡಿಯಲ್ಲಿ ಆರು ತಿಂಗಳು ಕೂರಿಸುತ್ತೇನೆಂದರೆ ಅವರು ಬೇಡವೆನ್ನುವುದು ನ್ಯಾಯವೇ. ನಾನು ಅವರಿಗೆ ಇನ್ನೂ ಫೋನ್ ಮಾಡಿಲ್ಲ. ಅಪ್ಪಾ, ಮೊದಲು ನೀನು ನನಗೆ ಮಾತು ಕೊಡು. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಣಂತಿಗೆ ಸಾರು ಅನ್ನ ಮಾಡುವವನು, ಮಗುವಿನ ಬಟ್ಟೆ ಒಗೆಯುವವನು ನೀನು. ಮೊದಲ ಎರಡು ವಾರ ಅಮ್ಮನ ಜೊತೆ ಹೋಗಿ ದಾರಿ ತೋರಿಸಲು ಯಾರಾದರೂ ಗೆಳೆಯರನ್ನು ಗೊತ್ತುಮಾಡು. ಆಮೇಲೆ ಅವರಿಗೆ ಆಕ್ಟೋಪಸ್ ಕಾರ್ಡೊಂದು ಕೊಟ್ಟು, ಬಸ್ಸಿನ ನಂಬರನ್ನೂ ಮನೆಯ ವಿಳಾಸವನ್ನೂ ಕನ್ನಡ, ಚೀನೀ ಎರಡರಲ್ಲೂ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು, ಆರು ಕಿಲೋಮೀಟರ್ ಅವರಿಗೆ ಲೆಕ್ಕವಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆಯೂ ತಂಪು. ಹೋಳಿಗೆ ಊಟಕ್ಕೆ ಯಾರನ್ನೂ ಕರೆಯಕೂಡದು.

ಇದಕ್ಕೆ ಒಪ್ಪಿಗೆಯಿದ್ದರೆ ತಿಳಿಸು, ಅಂದೇ ಅವರಿಗೆ ಫೋನ್ ಮಾಡುತ್ತೇನೆ. ಸಾಮಾನಿನ ತೂಕ ಹೆಚ್ಚಾಯಿತೆಂದು ವಿಮಾನದವರು ತಕರಾರು ತೆಗೆದರೆ ಉಪ್ಪಿನಕಾಯಿ ಎರಡು ಕಿಲೋ ಕಡಿಮೆಯಾಗಲಿ, ಆ ಜಾಗದಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಬರಲಿ. ಸೀರೆಗೆ ಶೂ ಹಾಕಿದರೆ ಯಾರಾದರೂ ನಗುತ್ತಾರೆಂದು ಅವರು ಸಂಕೋಚಪಡಬಹುದು. ಐದು ತಿಂಗಳು ನಾನು ಹಾಗೆಯೇ ಓಡಾಡಿದ್ದೇನೆ ಎನ್ನು. ಅಳತೆಗಿಂತ ಅರ್ಧ ನಂಬರ್ ದೊಡ್ಡದೇ ಇರಲಿ, ಇಳಿಜಾರಿನಲ್ಲಿ ಬೆರಳಿಗೆ ಒತ್ತುವುದಿಲ್ಲ. ಹೊರಡುವ ಹದಿನೈದು ದಿನ ಮೊದಲೇ ಕೊಂಡು ಊರಿನಲ್ಲಿ ಹಾಕಿ ನಡೆದು ಪಳಗಿಸಿಕೊಳ್ಳಲಿ, ಇಲ್ಲದಿದ್ದರೆ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.